ಅಜ್ಜಿಗೆ ಕೊಟ್ಟ ಚೊಂಬು ನೀರು

ಕಳೆದ ವಾರ ಚಿತ್ರದುರ್ಗದಲ್ಲಿ ಸಹೋದ್ಯೋಗಿಯೊಬ್ಬರ ಮನೆಗೆ ಹೋಗಿದ್ದೆ. ಜೋಗಿಮಟ್ಟಿ ಕಡೆಯ ರಸ್ತೆಯಲ್ಲಿ ಒಂದು ಹೊಸ ಕಟ್ಟಡ, ಎರಡನೇ ಮಹಡಿ. ನಾನು ಚಪ್ಪಲಿ ಬಿಡುವಷ್ಟರಲ್ಲಿ ಅವರ ತಾಯಿ ಚೊಂಬಿನ ತುಂಬ ನೀರು ಹಿಡಿದು ಬಾಗಿಲಿಗೆ ಬಂದರು. "ತಗಳವ್ವ, ಕಾಲಿಗೆ ನೀರು" ಎಂದರು. ಕಾಲು ತೊಳೆಯಲು ಅಲ್ಲಿ ಜಾಗವೇ ಇರಲಿಲ್ಲ. ಕೆಳಗೆ ನುಣ್ಣನೆಯ ಟೈಲ್ಸು, ಪಕ್ಕದಲ್ಲಿ ಎದುರು ಮನೆಯವರ ಶೂಗಳು. ಸಹೋದ್ಯೋಗಿ ಒಳಗಿನಿಂದ "ಅಮ್ಮ, ಅದನ್ನೆಲ್ಲ ಬಿಡು" ಎಂದು ಗೊಣಗುತ್ತಿದ್ದರು. ನಾನು ಎರಡು ಬೆರಳು ಅದ್ದಿ ಪಾದದ ಮೇಲೆ ಒರೆಸಿಕೊಂಡೆ. ಆ ತಾಯಿಗೆ ಅಷ್ಟೇ ಸಾಕಾಯಿತು. ಚೊಂಬು ವಾಪಸು ಕೊಡುವಾಗ ಮಾತ್ರ ನನ್ನ ಮುಖ ಬಿಸಿಯಾಯಿತು. ಯಾರಾದರೂ ಬಾಗಿಲಲ್ಲಿ ನೀರು ಕೊಟ್ಟಾಗ ನನಗೆ ಹಾಗಾಗುತ್ತದೆ. ಯಾಕೆಂದರೆ ಒಮ್ಮೆ ಒಂದು ಯುಗಾದಿಯಲ್ಲಿ, ಕೊಡಬಾರದವರಿಗೆ ನಾನು ಆ ನೀರನ್ನು ಕೊಟ್ಟಿದ್ದೆ.

ನಮ್ಮೂರು ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರ. ಅಲ್ಲಿ ಬಾಗಿಲಲ್ಲಿ ನೀರು ಕೊಡುವುದಕ್ಕೆ ಯಾರೂ ಬರೆದಿಡದ ನಿಯಮಗಳಿವೆ. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುವವಳಾದ್ದರಿಂದ ಒಮ್ಮೆ ಅವನ್ನು ಕಾಗದದ ಮೇಲೆ ವಿಂಗಡಿಸಲು ನೋಡಿದ್ದೆ. ಬೇರೆ ಊರಿಂದ ಬಂದವರು ಐದೇ ನಿಮಿಷ ಕೂರುವವರಾದರೂ ನೀರು ಕೊಡಬೇಕು. ಅದೇ ಊರಿನವರಿಗೆ ಬೇಕಿಲ್ಲ. ಆದರೆ ಅವರು ಮದುವೆಗೆ ಕರೆಯಲು ಬಂದಿದ್ದರೆ ಕೊಡಬೇಕು. ಕರೆಂಟ್ ಬಿಲ್ ಬರೆಯಲು ಬಂದವರಿಗೆ ಕುಡಿಯಲು ಮಾತ್ರ. ಬೀಗರಿಗೆ ತಾಮ್ರದ ಚೊಂಬು ಆಗಬೇಕು, ಉಳಿದವರಿಗೆ ಯಾವುದಾದರೂ ನಡೆಯುತ್ತದೆ. ಮನೆಯವರಿಗೆ ಮಾತ್ರ ಎಂದೂ ಕೊಡುವಂತಿಲ್ಲ. ಅವರು ಎಲ್ಲಿಗೆ ಹೋಗಿ ಎಷ್ಟು ದಿನಕ್ಕೆ ಬಂದರೂ ಪಕ್ಕದ ಸಂದಿಯಲ್ಲಿ ಹಾದು ಹಿತ್ತಲಿಗೆ ಹೋಗಿ, ತೊಟ್ಟಿಯ ನೀರನ್ನು ತಾವೇ ಮೊಗೆದು ಕಾಲು ತೊಳೆದುಕೊಂಡು ಒಳಗೆ ಬರಬೇಕು.

ಈ ಕೊನೆಯ ನಿಯಮವನ್ನು ನನ್ನ ಅಮ್ಮ ಬೈಸಿಕೊಂಡು ಕಲಿತವಳು. ಅವಳ ತವರು ಹೊಳಲ್ಕೆರೆ ಕಡೆಯ ರಾಮಗಿರಿ. ಅವಳು ಈ ಮನೆಗೆ ಬಂದ ವರ್ಷವೇ ನನ್ನ ಅತ್ತೆಗೆ, ಎಂದರೆ ಅಪ್ಪನ ತಂಗಿಗೆ, ಮದುವೆಯಾಯಿತು. ಅತ್ತೆ ಗಂಡನ ಮನೆಯಿಂದ ಮೊದಲ ಸಲ ತವರಿಗೆ ಬಂದಾಗ ಅಮ್ಮ ಹೊಸ ಸೊಸೆಯ ಉತ್ಸಾಹದಲ್ಲಿ ಚೊಂಬು ಹಿಡಿದು ಓಡಿದ್ದಳಂತೆ. ಅಜ್ಜಿ ಅದನ್ನು ಅವಳ ಕೈಯಿಂದ ಕಿತ್ತುಕೊಂಡು ನೀರನ್ನು ಅಂಗಳಕ್ಕೆ ಚೆಲ್ಲಿ, "ಇವಳಿಗ್ಯಾಕೆ ನೀರು? ಮದುವೆ ಆದ ತಕ್ಷಣ ಹಿತ್ಲ ದಾರಿ ಮರ್ತೋಗುತ್ತಾ? ನಡಿಯೇ ಲೇ, ಹೋಗಿ ತೊಳ್ಕಂಬಾ" ಎಂದಳಂತೆ. ಅತ್ತೆ ರೇಷ್ಮೆ ಸೀರೆಯ ನೆರಿಗೆ ಎತ್ತಿಕೊಂಡು, ನಗುತ್ತ, ಕಣ್ಣೊರೆಸಿಕೊಳ್ಳುತ್ತ ಹಿತ್ತಲಿಗೆ ಹೋದರಂತೆ. ಈ ಕಥೆಯನ್ನು ನಾನು ಕಡಿಮೆಯೆಂದರೂ ಇಪ್ಪತ್ತು ಸಲ ಕೇಳಿದ್ದೇನೆ. ಬೇಕಾದ ಹೊತ್ತಿಗೆ ಅದು ನೆನಪಿಗೆ ಬರಲಿಲ್ಲ, ಅಷ್ಟೆ.

ನಾನು ಹೇಳುತ್ತಿರುವ ಯುಗಾದಿಗೆ ಎರಡು ವರ್ಷ ಮೊದಲು ಅಜ್ಜಿ ನಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಳು. ಹಿರಿಯೂರಿನಲ್ಲಿ ಚಿಕ್ಕಪ್ಪನ ಮನೆಯಿದೆ. ಆಸ್ಪತ್ರೆ ಹತ್ತಿರ, ಮನೆಯೊಳಗೆ ಹೊಸ್ತಿಲುಗಳಿಲ್ಲ, ಕಮೋಡ್ ಇದೆ. ಆಪರೇಷನ್ ಆದ ಮೇಲೆ ಮೂರು ತಿಂಗಳ ಮಟ್ಟಿಗೆ ಎಂದು ಅಲ್ಲಿ ಉಳಿದವಳು ಎರಡು ವರ್ಷವಾದರೂ ಅಲ್ಲೇ ಇದ್ದಳು. ಚಿಕ್ಕಮ್ಮ ಅವಳನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದರು. ತೊಡಕು ಇದ್ದದ್ದೇ ಅಲ್ಲಿ. "ಇನ್ನು ನಮ್ಮಲ್ಲಿಗೆ ಬಂದುಬಿಡು" ಎಂದು ನಾವು ಕರೆದರೆ ಅವರು ನೋಡಿಕೊಂಡದ್ದು ಸಾಲದು ಎಂದಂತೆ. ಕರೆಯದಿದ್ದರೆ ನಮಗೆ ಬೇಡವಾಗಿದ್ದಾಳೆ ಎಂದಂತೆ. ಅಪ್ಪ ಮಾತು ಕಡಿಮೆ. ಬಸ್ ಸ್ಟ್ಯಾಂಡಿನ ಹತ್ತಿರದ ತಮ್ಮ ಬೀಜ ಗೊಬ್ಬರದ ಅಂಗಡಿಯಲ್ಲಿ ಕೂತು ದಿನಕ್ಕೊಮ್ಮೆ ಹಿರಿಯೂರಿಗೆ ಫೋನ್ ಮಾಡಿ "ಊಟ ಆಯ್ತೇನವ್ವ" ಎಂದು ಕೇಳುತ್ತಿದ್ದರು. ಅದರಾಚೆಗೆ ಅವರ ಮಾತು ಹೋಗುತ್ತಿರಲಿಲ್ಲ.

ನನ್ನದೂ ಒಂದು ತೊಡಕಿತ್ತು. ಅಜ್ಜಿ ಬಿದ್ದ ದಿನ ಅವಳಿಗಿಂತ ಮೊದಲು ತಲೆಗೆ ಸ್ನಾನ ಮಾಡಿ ಬಂದವಳು ನಾನು. ಶಾಂಪೂ ನೊರೆ ಹೋಗುವಂತೆ ಕಲ್ಲಿನ ಮೇಲೆ ಕೊನೆಗೊಂದು ಬಕೆಟ್ ನೀರು ಹಾಕಿದ್ದೆನೋ ಇಲ್ಲವೋ ಎಂಬುದು ನನಗೆ ನೆನಪಿಲ್ಲ. ಎಷ್ಟು ಸಲ ಯೋಚಿಸಿದರೂ ನೆನಪಾಗುವುದಿಲ್ಲ. ಯಾರೂ ನನ್ನನ್ನು ಕೇಳಲಿಲ್ಲ. ನಾನೂ ಯಾರಿಗೂ ಹೇಳಲಿಲ್ಲ.

ಹೀಗಿರುವಾಗ ಚಿಕ್ಕಪ್ಪನ ಫೋನ್ ಬಂತು. "ಈ ಸಲ ಯುಗಾದಿಗೆ ಅವ್ವನ್ನ ಕರ್ಕಂಡು ನಾವೆಲ್ಲ ಅಲ್ಲಿಗೇ ಬರ್ತೀವಿ. ನಾಲ್ಕು ದಿನ ಇರ್ತೀವಿ." ನಾನು ಫೋನಿಟ್ಟು, ಉತ್ತರ ಪತ್ರಿಕೆಯ ಖಾಲಿ ಹಾಳೆಯೊಂದನ್ನು ತೆಗೆದುಕೊಂಡು ಮಾಡಬೇಕಾದ ಕೆಲಸಗಳ ಪಟ್ಟಿ ಬರೆದೆ. ಮೂವತ್ತೊಂದು ಕೆಲಸಗಳಾದವು. ಮೂವತ್ತೊಂದನ್ನೂ ಸರಿಯಾಗಿ ಮುಗಿಸಿದರೆ, ಯಾರೂ ಬಾಯಿಬಿಟ್ಟು ಕೇಳದೆಯೇ ಅಜ್ಜಿ ನಾಲ್ಕು ದಿನದ ನಂತರವೂ ಇಲ್ಲೇ ಉಳಿಯುತ್ತಾಳೆ ಎಂಬುದು ನನ್ನ ಲೆಕ್ಕ. ಮನಸ್ಸಿನಲ್ಲಿದ್ದದ್ದನ್ನು ಹೇಳುವುದಕ್ಕಿಂತ ಬಚ್ಚಲಿಗೆ ಹಿಡಿಕೆ ಹಾಕಿಸುವುದು ನನಗೆ ಸುಲಭ.

ನಾನು ಚಿಕ್ಕವಳಿದ್ದಾಗ ಯುಗಾದಿಯ ತಯಾರಿಗೆ ಪಟ್ಟಿ ಬೇಕಿರಲಿಲ್ಲ. ಅಜ್ಜಿಯ ಗಂಟಲೇ ಸಾಕಿತ್ತು. ಹದಿನೈದು ದಿನ ಮೊದಲೇ ಸುಣ್ಣ ನೆನೆಹಾಕಿ, ಅದು ಡ್ರಮ್ಮಿನಲ್ಲಿ ಕೊತಕೊತ ಕುದಿಯುವುದನ್ನು ನಾವು ದೂರ ನಿಂತು ನೋಡುತ್ತಿದ್ದೆವು. ಮನೆಯ ಕೌದಿ, ಕಂಬಳಿ, ಜಮಖಾನಗಳನ್ನೆಲ್ಲ ಪರಿಚಯದವರ ಟ್ರಾಕ್ಟರಿಗೆ ಹೇರಿ, ಮೋಟರು ಇರುವ ತೋಟಕ್ಕೆ ಒಯ್ದು ಒಗೆಯುತ್ತಿದ್ದರು. ನೆನೆದ ಕೌದಿಯನ್ನು ನೀವು ಎಂದಾದರೂ ಎತ್ತಿದ್ದರೆ ಗೊತ್ತಿರುತ್ತದೆ, ಅದು ಎಮ್ಮೆ ಕರುವಿನಷ್ಟು ಭಾರ. ಎರಡೂ ತುದಿ ಹಿಡಿದು ಹಿಂಡಲು ಇಬ್ಬರು ಬೇಕು. ಒಂದು ತುದಿ ಯಾವಾಗಲೂ ನನ್ನದು. ಇನ್ನೊಂದು ತುದಿಯಲ್ಲಿ ಅಜ್ಜಿ ತಿರುಚಿದ ಹಾಗೆಲ್ಲ ನಾನೇ ಗಿರ್ರನೆ ತಿರುಗಿಬಿಡುತ್ತಿದ್ದೆ. "ಗಟ್ಟಿ ನಿಂತ್ಕಳೇ, ಊಟ ಮಾಡಲ್ಲೇನು ನೀನು" ಎಂದು ಅವಳು ಬೈಯುತ್ತಿದ್ದಳು. ಒಗೆದದ್ದನ್ನು ಬೇಲಿಯ ಮೇಲೆಲ್ಲ ಹರವಿ, ಬುತ್ತಿ ಬಿಚ್ಚಿ, ಮೊಸರನ್ನಕ್ಕೆ ಮಾವಿನ ಮಿಡಿ ನಂಜಿಕೊಂಡು ತಿಂದರೆ ಹಬ್ಬ ಅರ್ಧ ಮುಗಿದಂತೆ.

ಈಗ ನಾನೇ ಯಜಮಾನಿಕೆ ವಹಿಸಿದ್ದೆ. ಕೌದಿಗಳನ್ನು ಅಟ್ಟಕ್ಕೆ ಹಾಕಿ ಹೊಸ ಹಾಸಿಗೆ ತರಿಸಿದೆ. ಸುಣ್ಣ ಬೇಡವೆಂದು ಹೊಸದುರ್ಗದಿಂದ ಬಣ್ಣದ ರಫೀಕಣ್ಣನನ್ನು ಕರೆಸಿದೆ. ಅವನು ಪಡಸಾಲೆಯ ಗೋಡೆಯ ಮುಂದೆ ನಿಂತು ತಲೆ ಕೆರೆದುಕೊಂಡ. ಅಡುಗೆಮನೆ ಬಾಗಿಲ ಪಕ್ಕದ ಆ ಗೋಡೆಯಲ್ಲಿ, ನೆಲದಿಂದ ಎರಡೂವರೆ ಅಡಿ ಎತ್ತರದಲ್ಲಿ ತಟ್ಟೆಯಗಲದ ಕಂದು ಕಲೆಯಿತ್ತು. ಅಜ್ಜಿ ಕೂತು ತಲೆ ಆನಿಸುತ್ತಿದ್ದ ಜಾಗ ಅದು. ಅಲ್ಲಿ ಕೂತರೆ ಬೀದಿ, ಒಲೆ, ಹಿತ್ತಲು ಮೂರೂ ಒಟ್ಟಿಗೆ ಕಾಣುತ್ತಿದ್ದವು. ಮೂರನ್ನೂ ಅಲ್ಲಿಂದಲೇ ಆಳುತ್ತಿದ್ದಳು. ವರ್ಷಗಟ್ಟಲೆ ಹರಳೆಣ್ಣೆ ಕುಡಿದ ಆ ಗೋಡೆ ಪ್ರತಿ ಯುಗಾದಿಯ ಸುಣ್ಣವನ್ನೂ ತಿಂಗಳೊಳಗೆ ನುಂಗಿಬಿಡುತ್ತಿತ್ತು.

"ಎಣ್ಣೆ ಮ್ಯಾಲೆ ಬಣ್ಣ ಕೂರಲ್ಲಕ್ಕ" ಎಂದ ರಫೀಕಣ್ಣ. "ಕೆರೆದು ಪುಟ್ಟಿ ಹಾಕ್ಬೇಕಾಗ್ತೈತೆ. ಏನ್ ಮಾಡ್ಲಿ?"

"ಕೆರೀರಿ" ಎಂದೆ. ಪಟ್ಟಿಯಲ್ಲಿ ಅದು ಒಂಬತ್ತನೆಯ ಕೆಲಸ.

ಬಚ್ಚಲಿಗೆ ಕಮೋಡ್ ಬಂತು, ಎರಡು ಸ್ಟೀಲ್ ಹಿಡಿಕೆ ಬಂತು, ಜಾರದ ರಬ್ಬರ್ ಹಾಸು ಬಂತು. ಹೊಸ್ತಿಲ ಎರಡೂ ಕಡೆ ಇಳಿಜಾರಾಗಿ ಹಲಗೆ ಜೋಡಿಸಿದ್ದಾಯಿತು. ಗಾಳಿ ಬರುವ ಮುಂದಿನ ಕೋಣೆಯಲ್ಲಿ ಮಂಚ, ಅದರ ಪಕ್ಕ ನೀರಿನ ಬಾಟಲಿ, ಮಾತ್ರೆಗೆ ಡಬ್ಬಿ, ಕರೆಯಲು ಒಂದು ಗುಂಡಿ ಒತ್ತುವ ಗಂಟೆ. ಅಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದು ಎಲ್ಲವನ್ನೂ ನೋಡಿದಳು.

"ಇಷ್ಟು ತಯಾರಿ ನಿನ್ನ ಮದುವೆಗೂ ಮಾಡ್ಕಳಲ್ಲ ಬಿಡು ನೀನು."

"ಮದುವೆಗೆ ಕಮೋಡ್ ಬೇಕಾಗಲ್ಲಮ್ಮ."

"ಗಂಟೆ ಯಾಕೆ? ನಿಮ್ಮಜ್ಜಿ ಕೂಗಿದ್ರೆ ಬಸ್ ಸ್ಟ್ಯಾಂಡಿಗೆ ಕೇಳ್ತೈತೆ."

ಗಂಟೆಯನ್ನು ಮಾತ್ರ ತೆಗೆದಿಟ್ಟೆ.

ಹಬ್ಬದ ಹಿಂದಿನ ದಿನ ಹನ್ನೊಂದರ ಹೊತ್ತಿಗೆ ಕಾರು ಬಂದು ನಿಂತಿತು. ಚಿಕ್ಕಪ್ಪ, ಚಿಕ್ಕಮ್ಮ, ಅವರ ಇಬ್ಬರು ಮಕ್ಕಳು ಡಿಕ್ಕಿಯ ಕಡೆ ಹೋದರು. ಬೇರೆ ಮನೆ ಮಾಡಿಕೊಂಡವರು ನೆಂಟರ ಲೆಕ್ಕವಾದ್ದರಿಂದ ಅವರಿಗೆಂದು ನಾನು ಚೊಂಬು ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದೆ. ಮೊದಲು ಬಂದವಳು ಅಜ್ಜಿ. ವಾಕರ್ ಊರಿಕೊಂಡು, ಒಂದೊಂದೇ ಹೆಜ್ಜೆ ಇಡುತ್ತ, ಮುಂಬಾಗಿಲ ಕಡೆ ನೋಡದೆ ಪಕ್ಕದ ಸಂದಿಯ ಕಡೆಗೆ ತಿರುಗುತ್ತಿದ್ದಳು. ಆ ಸಂದಿಯ ಕಲ್ಲುಗಳು ಒಂದೂ ಸಮನಾಗಿಲ್ಲ. ನಾನು ಗಾಬರಿಯಿಂದ ಅಡ್ಡ ಹೋಗಿ ಚೊಂಬು ಮುಂದೆ ಚಾಚಿದೆ.

"ಇಲ್ಲೇ ತೊಳ್ಕೋ ಅಜ್ಜಿ. ನೀರು ತಂದೀನಿ."

ಅವಳು ಚೊಂಬು ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು.

"ನನಗೇನೇ?"

"ಹೂಂ."

ಅಜ್ಜಿ ಚೊಂಬು ತೆಗೆದುಕೊಂಡಳು. ವಾಕರಿಗೆ ಒರಗಿ, ಪಾದಕ್ಕೆ ನೀರು ಸುರಿದುಕೊಂಡು, ಖಾಲಿ ಚೊಂಬನ್ನು ಎರಡೂ ಕೈಯಲ್ಲಿ ಹಿಡಿದು ವಾಪಸು ಕೊಟ್ಟಳು. ಹಲಗೆಯ ಮೇಲಿಂದ ಹೊಸ್ತಿಲು ದಾಟಿ ಪಡಸಾಲೆಗೆ ಬಂದಳು. ಗೋಡೆಯ ಕಡೆ ಒಂದು ಕ್ಷಣ ನೋಡಿ, "ಬಣ್ಣ ಚೆನ್ನಾಗೈತೆ" ಎಂದಳು. ಆಮೇಲೆ, "ಎಲ್ಲಿ ಕುಂತ್ಕಳ್ಲಿ?" ಎಂದು ಕೇಳಿದಳು. ನಾನು ಉತ್ಸಾಹದಿಂದ ಮುಂದಿನ ಕೋಣೆಯ ಹೊಸ ಕುರ್ಚಿ ತೋರಿಸಿದೆ.

ಅಮ್ಮ ನನ್ನನ್ನು ಅಡುಗೆಮನೆಗೆ ಕರೆದಳು. ದನಿ ತಗ್ಗಿಸಿ ಕೇಳಿದಳು. "ಅಜ್ಜಿಗೆ ನೀರು ಕೊಟ್ಟೇನೆ?"

"ಸಂದೀಲಿ ಬಿದ್ದಾಳು ಅಂತ."

"ಕೈ ಹಿಡ್ಕಂಡು ಸಂದೀಲಿ ಕರ್ಕಂಡು ಹೋಗ್ಬೇಕಿತ್ತು ಕಣೇ. ಈ ಮನೆಗೆ ಬಂದೋರಿಗೆಲ್ಲ ಐವತ್ತು ವರ್ಷ ನೀರು ಕೊಟ್ಟೋರು ಅವ್ರು. ಅವ್ರಿಗೇ ಕೊಟ್ಯಲ್ಲ."

ಆಗ ನನಗೆ ಅತ್ತೆಯ ರೇಷ್ಮೆ ಸೀರೆ, ಅಂಗಳಕ್ಕೆ ಚೆಲ್ಲಿದ ನೀರು ಎಲ್ಲ ನೆನಪಾಯಿತು. ಹೋಗಿ ಏನಾದರೂ ಹೇಳಬಹುದಿತ್ತು. ಅದರ ಬದಲು ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತ ನಿಂತೆ. ಎಲ್ಲ ತುಂಡುಗಳೂ ಒಂದೇ ಅಳತೆಯಲ್ಲಿದ್ದವು.

ಅಜ್ಜಿ ಮುನಿಸಿಕೊಳ್ಳಲಿಲ್ಲ. ಮುನಿಸಿಕೊಂಡಿದ್ದರೆ ಒಳ್ಳೆಯದಿತ್ತು. ಅವಳು ನೆಂಟಳಾದಳು, ಅದೂ ಹೆಸರಿಡಲಾಗದಂಥ ನೆಂಟಳು. ಬೆಳಿಗ್ಗೆ ಎದ್ದು ತನ್ನ ಹೊದಿಕೆಯನ್ನು ನಾಲ್ಕು ಮಡಿಕೆ ಮಾಡಿ ದಿಂಬಿನ ಮೇಲಿಡುತ್ತಿದ್ದಳು. ಕೊಟ್ಟ ಹೊತ್ತಿಗೆ ಕಾಫಿ ಕುಡಿಯುತ್ತಿದ್ದಳು, ಲೋಟ ಎಲ್ಲಿಡಬೇಕೆಂದು ಕೇಳುತ್ತಿದ್ದಳು. ಅಡುಗೆಮನೆಯ ಬಾಗಿಲವರೆಗೆ ಬಂದು ವಾಕರ್ ನಿಲ್ಲಿಸಿ, "ಒಳಗೆ ಬರ್ಲೇನವ್ವ?" ಎನ್ನುತ್ತಿದ್ದಳು. ಹಬ್ಬದ ದಿನ ಬೇವು ಬೆಲ್ಲ ಕೊಟ್ಟಾಗ ಬೆಲ್ಲ ಹೆಚ್ಚಾಯಿತೆನ್ನಲಿಲ್ಲ, ಬೇವು ಹೆಚ್ಚಾಯಿತೆನ್ನಲಿಲ್ಲ. ಊಟಕ್ಕೆ ಕೂತಾಗ ಹೋಳಿಗೆ ಸಾರನ್ನು ಸೊರ್ರನೆ ಹೀರಿ, "ಸಾರು ಬಾಳ ಚೆನ್ನಾಗೈತೆ" ಎಂದಳು. ಬಡಿಸುತ್ತಿದ್ದ ಅಮ್ಮನ ಕೈ ನಿಂತಿತು. ಒಳಗೆ ಬಂದು ನನ್ನ ತೋಳು ಹಿಡಿದಳು.

"ಹೊಗಳಿದ್ರು ಕಣೇ."

"ಒಳ್ಳೇದೇ ಅಲ್ವಾ?"

"ಇಪ್ಪತ್ತೊಂಬತ್ತು ವರ್ಷದಲ್ಲಿ ಒಂದಿನ ಹೊಗಳಿಲ್ಲ. ಉಪ್ಪು ಕಮ್ಮಿ, ಇಲ್ಲ ಖಾರ ಜಾಸ್ತಿ. ನನಗೆ ಯಾಕೋ ಭಯ ಆಗ್ತೈತೆ."

ಮರುದಿನ ಸಂಜೆ ಚಂದ್ರನನ್ನು ನೋಡಲು ಬೀದಿಯೆಲ್ಲ ಹೊರಗೆ ನಿಂತಿತ್ತು. ನಮ್ಮ ಕಡೆ ಯುಗಾದಿಯ ಚಂದ್ರ ಕಾಣುವವರೆಗೆ ಹಬ್ಬ ಮುಗಿಯುವುದಿಲ್ಲ. ಪಡುವಣದಲ್ಲಿ ಉಗುರಿನ ಚೂರಿನಂತೆ ಅದು ಕಂಡಿದ್ದೇ, ಚಿಕ್ಕವರೆಲ್ಲ ದೊಡ್ಡವರ ಕಾಲು ಮುಟ್ಟಿ ನಮಸ್ಕರಿಸಬೇಕು. ಹಿಂದೆಲ್ಲ ನಾನು ಬಗ್ಗಿದಾಗ ಅಜ್ಜಿ ಬೆನ್ನಿಗೊಂದು ಗುದ್ದಿ, "ಈ ವರ್ಷನಾದ್ರೂ ನಾಲ್ಕು ಜನರ ಹತ್ರ ಮಾತಾಡೋದು ಕಲಿ" ಎನ್ನುತ್ತಿದ್ದಳು. ಆ ಸಂಜೆ ತಲೆಯ ಮೇಲೆ ಕೈಯಿಟ್ಟು, "ದೇವರು ಚೆನ್ನಾಗಿಟ್ಟಿರ್ಲವ್ವ" ಎಂದಳು. ಬೀದಿಯಲ್ಲಿ ಯಾರ ಮಕ್ಕಳಿಗಾದರೂ ಅನ್ನಬಹುದಾದ ಮಾತು. ನಾನು ಬಗ್ಗಿದಲ್ಲೇ, ಇಲ್ಲೇ ಇದ್ದುಬಿಡು ಎನ್ನಬೇಕೆಂದುಕೊಂಡೆ. ಎದ್ದು ನಿಂತಾಗ ಬಾಯಿಂದ ಬಂದದ್ದು, "ಸಂಜೆ ಮಾತ್ರೆ ತಗಂಡ್ಯಾ?"

"ಆಯ್ತವ್ವ" ಎಂದಳು.

ನಾಲ್ಕನೆಯ ದಿನ ಬೆಳಿಗ್ಗೆ ಚಿಕ್ಕಪ್ಪ ಕಾರು ಒರೆಸಲು ಶುರುಮಾಡಿದರು. ಅಪ್ಪ ಅಂಗಡಿಗೆ ಹೋಗದೆ ಬಾಗಿಲಲ್ಲಿ ನಿಂತಿದ್ದರು. ಅಜ್ಜಿ ಸೀರೆ ಉಟ್ಟು, ತಲೆ ಬಾಚಿ, ಪಡಸಾಲೆಯ ಕುರ್ಚಿಯಲ್ಲಿ ಕೂತು ಹೊರಡಲು ಹೇಳುವುದನ್ನೇ ಕಾಯುತ್ತಿದ್ದಳು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಆಗ ಒಂದು ಲಗೇಜ್ ಆಟೊ ಬಂದು ಕಾರಿನ ಹಿಂದೆ ನಿಂತಿತು. ನಮ್ಮ ಹೊಲ ಮಾಡುವ ತಿಪ್ಪಣ್ಣ. ಹೊಲದ ಬದುವಿನ ಹುಣಸೆಮರ ಬಡಿಸಿ ಮೂರು ಚೀಲ ತಂದಿದ್ದ. ಮೊದಲ ಚೀಲ ಹೊತ್ತುಕೊಂಡು ಬಾಗಿಲಿಗೆ ಬಂದು ಕೇಳಿದ.

"ಎಲ್ಲಿ ಹಾಕ್ಲಕ್ಕಾ?"

ಹೊಸ ಬಣ್ಣ, ತೊಳೆದ ನೆಲ. "ಹಿತ್ತಲಲ್ಲಿ" ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಕುರ್ಚಿಯಿಂದ ಅಜ್ಜಿಯ ದನಿ ಬಂತು. "ಯಾವ ಮರದ್ದೋ ತಿಪ್ಪ? ಬಾವಿ ಹತ್ರದ್ದಾ, ಗುಡಿ ಹಿಂದಿಂದಾ?"

"ಬಾವಿ ಹತ್ರದ್ದು ಕಣಜ್ಜಿ. ಗುಡಿ ಹಿಂದಿಂದು ಈ ಸಲ ಕಾಯಿ ಕಚ್ಚೇ ಇಲ್ಲ."

"ಅದು ವರ್ಷ ಬಿಟ್ಟು ವರ್ಷ ಹಿಡಿಯೋದು. ಅದನ್ನ..." ಎಂದವಳು ಅಲ್ಲಿಗೇ ತಡೆದುಕೊಂಡಳು. ಸೆರಗು ಸರಿಮಾಡಿಕೊಂಡು, "ಅವರು ಎಲ್ಲಿ ಹೇಳ್ತಾರೋ ಅಲ್ಲಿ ಹಾಕಪ್ಪ" ಎಂದಳು.

ಅವರು ಎಂದರೆ ನಾವು. ನಾನು ಅಮ್ಮನನ್ನು ನೋಡಿದೆ. ಅಮ್ಮ ನನ್ನನ್ನು ನೋಡಿದಳು.

"ಇಲ್ಲೇ ಸುರಿ ತಿಪ್ಪಣ್ಣ" ಎಂದೆ. "ಪಡಸಾಲೇಲಿ. ಮೂರೂ ಚೀಲ."

ಅವನಿಗೆ ನನ್ನ ಬುದ್ಧಿಯ ಬಗ್ಗೆ ಅನುಮಾನ ಬಂದದ್ದು ಮುಖದಲ್ಲೇ ಕಾಣುತ್ತಿತ್ತು. ಆದರೂ ಸುರಿದ. ಕಾಯಿ, ಕಡ್ಡಿ, ಎಲೆ, ಕೆಂಪು ಮಣ್ಣು ಎಲ್ಲ ಸೇರಿ ಅಜ್ಜಿಯ ಪಾದದವರೆಗೆ ಉರುಳಿ ಬಂತು. ಚಿಕ್ಕಮ್ಮ ಮೂಗು ಮುಚ್ಚಿಕೊಂಡರು.

"ಅಜ್ಜಿ, ಇದನ್ನ ಏನು ಮಾಡ್ಬೇಕು? ನನಗೆ ಬರಲ್ಲ."

"ನಿಮ್ಮಮ್ಮಂಗೆ ಬರುತ್ತಲ್ಲ."

"ನನಗೂ ಮರ್ತೋಗೈತೆ ಅತ್ತೆ" ಎಂದಳು ಅಮ್ಮ. ಕಣ್ಣು ಮಿಟುಕಿಸದೆ ಹೇಳಿದಳು. "ಎರಡು ವರ್ಷದಿಂದ ಸಂತೇಲಿ ಬಿಡಿಸಿದ ಹಣ್ಣೇ ತರೋದು ನಾವು."

"ಸಂತೇಲಿ ತರ್ತೀರಾ?" ಅಜ್ಜಿಯ ಬೆನ್ನು ನೆಟ್ಟಗಾಯಿತು. "ಬದುವಿನಲ್ಲಿ ಎರಡು ಮರ ಇಟ್ಕಂಡು ಹುಣಸೆಹಣ್ಣು ಸಂತೇಲಿ ತರ್ತೀರಾ? ಯಾರಿಗಾದ್ರೂ ಹೇಳ್ಬ್ಯಾಡ್ರಿ, ನಕ್ಕಾರು." ಬಗ್ಗಲಾಗದೆ ವಾಕರಿನ ಕಾಲಿನಿಂದ ಒಂದು ಕಾಯಿಯನ್ನು ನನ್ನ ಕಡೆ ತಳ್ಳಿದಳು. "ಎತ್ಕೊಡು ಅದನ್ನ."

ಎತ್ತಿ ಕೊಟ್ಟೆ. ಹೆಬ್ಬೆರಳಿನಿಂದ ಒತ್ತಿ ನೋಡಿದಳು, ಕಿವಿಯ ಹತ್ತಿರ ಅಲ್ಲಾಡಿಸಿದಳು.

"ಹಸಿ ಐತೆ ಇನ್ನೂ. ಸಿಪ್ಪೆ ಬಿಟ್ಟಿಲ್ಲ. ಇದನ್ನ ತಂದು ನೆರಳಲ್ಲಿ ಸುರುವಿದ್ರೆ ಬೂಸ್ಟು ಹಿಡಿಯಲ್ವೇನೇ? ಏನೇನು ಓದ್ಕಂಡಿದೀಯೋ ನೀನು. ಯಾರಾದ್ರೂ ಮನೆ ಒಳಗೆ ಸುರುವ್ತಾರೇನೇ ಲೇ? ಮಾಳಿಗೆ ಮ್ಯಾಲೆ ಬಿಸಿಲು ಏನಾಗೈತೆ?"

ಎರಡು ವರ್ಷದ ಮೇಲೆ ನನಗೆ ಸರಿಯಾಗಿ ಬೈಗುಳ ಬಿದ್ದಿತ್ತು. ನಾನು ಕಾಲ ಬಳಿ ಕೂತು, ಯಾರಿಗೂ ಮುಖ ಕಾಣದಂತೆ ತಲೆ ತಗ್ಗಿಸಿ ಕಾಯಿ ಆರಿಸತೊಡಗಿದೆ.

ಹೊರಗಿನಿಂದ ಚಿಕ್ಕಪ್ಪ ಕರೆದರು. "ಅವ್ವಾ, ಬಿಸಿಲೇರ್ತೈತೆ, ಹೋಗಾಣ."

"ನೀವು ಹೊರಡ್ರಪ್ಪ" ಎಂದಳು ಅಜ್ಜಿ. "ನನ್ನ ಮಾತ್ರೆ ಚೀಟಿ ಕೊಟ್ಟು ಹೋಗು. ಇದು ಒಣಗ್ಬೇಕು, ಕುಟ್ಬೇಕು, ಬೀಜ ತೆಗೀಬೇಕು, ಉಪ್ಪು ಹಾಕಿ ತುಂಬ್ಬೇಕು. ಇಲ್ಲಿ ಯಾರಿಗೂ ಏನೂ ಬರಲ್ಲವಂತೆ. ಹದಿನೈದು ದಿನ ಆಗ್ತೈತೆ."

ಚಿಕ್ಕಪ್ಪ ಬಾಗಿಲಿಗೆ ಬಂದು ನೆಲವನ್ನು ನೋಡಿದರು, ಅಪ್ಪನನ್ನು ನೋಡಿದರು. "ಹದಿನೈದು ದಿನಕ್ಕೆ ಬಂದು ಕರ್ಕಂಡು ಹೋಗ್ತೀನಿ" ಎಂದರು ಚಿಕ್ಕಪ್ಪ. ಆಮೇಲೆ ಆ ಹದಿನೈದು ದಿನವನ್ನು ಎರಡೂ ಮನೆಯಲ್ಲಿ ಯಾರೂ ಎಣಿಸಲಿಲ್ಲ.

ನಮ್ಮ ಕಡೆ ನೆಂಟರ ಗಾಡಿ ತಿರುವಿನಲ್ಲಿ ಮರೆಯಾಗುವವರೆಗೆ ಮನೆಯವರೆಲ್ಲ ಬೀದಿಯಲ್ಲಿ ನಿಂತು ನೋಡಬೇಕು. ಆ ದಿನ ಅಪ್ಪ ಒಬ್ಬರೇ ನಿಂತಿದ್ದರು. ಅಮ್ಮನೂ ನಾನೂ ಬುಟ್ಟಿಗಳಿಗೆ ಹುಣಸೆಕಾಯಿ ತುಂಬಿಕೊಂಡು ಮಾಳಿಗೆಯ ಮೆಟ್ಟಿಲು ಹತ್ತುತ್ತಿದ್ದೆವು. ಕೆಳಗಿನಿಂದ ಅಜ್ಜಿ ಕೂಗಿ ಹೇಳುತ್ತಿದ್ದಳು, ತೆಳ್ಳಗೆ ಹರವ್ರಿ, ಒಂದರ ಮ್ಯಾಲೊಂದು ಬೀಳಬಾರ್ದು, ಕಾಗೆ ನೋಡ್ಕಳ್ರಿ, ಆ ಮೂಲೇಲಿ ಬಿಸಿಲು ಬೇಗ ಹೋಗ್ತೈತೆ, ಅಲ್ಲಿ ಬ್ಯಾಡ.